ಮಲ್ಲಾಜಮ್ಮನ ಕಬ್ಬಿಣದ ತಗಡುಗಳು

ಮಲ್ಲಾಜಮ್ಮನಿಗೆ ಆ ಬಣ್ಣದ ಪರಿಚಯ ಹಳೆಯದು. ಆದರೂ ಮೊದಲ ದಿನ ಅವಳು ತನ್ನ ಕಣ್ಣನ್ನೇ ನಂಬಲಿಲ್ಲ.

ತೆರಕಣಾಂಬಿಯಿಂದ ಒಂದೂವರೆ ಮೈಲಿ ಒಳಗಿರುವ ಹುಣಸೆಹುಂಡಿಯ ಶಾಲೆಯಲ್ಲಿ ಅವಳು ಬಿಸಿಯೂಟದ ಅಡುಗೆಯವಳು. ಜೊತೆಗೆ ಕರಿಯಮ್ಮ. ಅಕ್ಕಿ ತೊಳೆದು ಅನ್ನ ಮಾಡುವುದು ಮಲ್ಲಾಜಮ್ಮನ ಪಾಲು, ಸಾರು ಕರಿಯಮ್ಮನದು. ಏಳು ವರ್ಷಗಳಿಂದ ಒಂದೇ ಒಲೆಯ ಮುಂದೆ ನಿಂತವರು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಎರಡು ಪಾತ್ರೆಯನ್ನೂ ಇಳಿಸುತ್ತಿದ್ದಳು.

ಅಕ್ಕಿ ತೊಳೆಯುವ ಹಳೆಯ ಸ್ಟೀಲ್ ಬೋಸಿ ತಳ ಸೋರುತ್ತಿದೆಯೆಂದು ಮೇಷ್ಟ್ರು ಫೆಬ್ರವರಿಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಟಬ್ಬು ತಂದುಕೊಟ್ಟರು. ಮಲ್ಲಾಜಮ್ಮ ಅದನ್ನು ನಲ್ಲಿಯ ಕೆಳಗಿಟ್ಟು ತುಂಬಿಸಿದಳು. ಅಕ್ಕಿ ಸುರಿಯಲು ಬಗ್ಗಿದವಳು ಹಾಗೇ ನಿಂತಳು. ನೀರು ತಿಳಿಯಾಗಿತ್ತು, ಕಸ ಕಡ್ಡಿ ಇರಲಿಲ್ಲ. ಆದರೆ ಟಬ್ಬಿನ ತಳದ ಬಿಳುಪಿನ ಮೇಲೆ ತೆಳ್ಳಗೆ ಹಳದಿ ಛಾಯೆ ಕಾಣುತ್ತಿತ್ತು.

"ಕರಿಯಮ್ಮ, ಬಾ ಇಲ್ಲಿ. ನೀರು ನೋಡು."

ಕರಿಯಮ್ಮ ಬದನೆಕಾಯಿ ಹೆಚ್ಚುತ್ತಿದ್ದ ಈಳಿಗೆಮಣೆ ಬಿಟ್ಟು ಬಂದು ನೋಡಿದಳು. "ಹಳದಿ ಅದ. ಊರ ಸುತ್ತ ಅರಿಶಿನ ಬೇಯಿಸ್ತಾವ್ರಲ್ಲಕ್ಕ, ಆ ನೀರು ಭೂಮಿಗೆ ಇಳ್ದಿರ್ಬೇಕು, ಬುಡು."

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದು ಅರಿಶಿನದ ಕೊಯ್ಲಿನ ಕಾಲ. ಊರಿನ ಎರಡು ಕಡೆಯೂ ದೊಡ್ಡ ಕೊಪ್ಪರಿಗೆಗಳಲ್ಲಿ ಅರಿಶಿನ ಬೇಯುತ್ತಿತ್ತು. ಬೀದಿಯಲ್ಲಿ ಓಡಾಡುವ ನಾಯಿಯ ಕಾಲು ಕೂಡ ಹಳದಿಯಾಗಿತ್ತು. ಆದರೆ ಮಲ್ಲಾಜಮ್ಮನಿಗೆ ಸಮಾಧಾನವಾಗಲಿಲ್ಲ. ಅವಳು ಎರಡು ಲೋಟ ತೆಗೆದುಕೊಂಡಳು. ಒಂದಕ್ಕೆ ಟಬ್ಬಿನ ನೀರು ಹಾಕಿದಳು. ಇನ್ನೊಂದಕ್ಕೆ ಮೇಷ್ಟ್ರ ಕೋಣೆಯ ಕ್ಯಾನಿನ ನೀರು ಹಾಕಿ ಡಬ್ಬಿಯಿಂದ ಚಿಟಿಕೆ ಅರಿಶಿನ ಉದುರಿಸಿದಳು. ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಎರಡಕ್ಕೂ ಕದಡಿದಳು. ಅರಿಶಿನದ ಲೋಟ ಕ್ಷಣದಲ್ಲಿ ಆರತಿಯ ಓಕುಳಿಯಂತೆ ಕೆಂಪಾಯಿತು. ನಲ್ಲಿಯ ನೀರು ಮಾತ್ರ ಸುಣ್ಣ ತಳಕ್ಕೆ ಇಳಿದ ಮೇಲೂ ಹಳದಿಯಾಗಿಯೇ ಉಳಿಯಿತು.

"ಇದು ಅರಿಶಿನ ಅಲ್ಲ ಕಣ," ಎಂದಳು ಮಲ್ಲಾಜಮ್ಮ. "ಇವತ್ತು ಈ ನೀರಲ್ಲಿ ಅಡುಗೆ ಬ್ಯಾಡ."

"ಮತ್ತೇನದು?"

"ಯೋಳ್ತೀನಿ. ಮೊದ್ಲು ಮಾದೇಶುನ್ನ ಕರಿ. ಹಳೆ ಕೈಪಂಪಿಂದ ನಾಕು ಕೊಡ ತರ್ಲಿ."

ಮಾದೇಶ್ ಊರಿನ ನೀರುಗಂಟಿ. ಮೋಟಾರು ಹಾಕುವುದು, ಬೀದಿಗಳಿಗೆ ನೀರು ಬಿಡುವುದು ಅವನ ಕೆಲಸ. ಅವನು ಗೊಣಗುತ್ತಲೇ ನೀರು ತಂದ. ಊಟ ಮುಕ್ಕಾಲು ಗಂಟೆ ತಡವಾಯಿತು. ಯಾಕೆಂದು ಕೇಳಿದ ಮೇಷ್ಟ್ರಿಗೆ ಮಲ್ಲಾಜಮ್ಮ ನೀರು ವಾಸನೆ ಬರುತ್ತಿದೆ ಎಂದಳು. ಅದೊಂದು ಸುಳ್ಳು ಹೇಳಿ ಮನೆಗೆ ಹೋದಳು.

ಅವಳಿಗೆ ಗೊತ್ತಿದ್ದದ್ದು ಇಷ್ಟು. ಹತ್ತೊಂಬತ್ತು ವರ್ಷಗಳ ಹಿಂದೆ ಹೊರಗಿನಿಂದ ಬಂದ ಒಬ್ಬ ಮಾಲೀಕ ಊರ ಹಿಂದಿನ ಹೊಲದಲ್ಲಿ ಒಂದು ಶೆಡ್ಡು ಹಾಕಿದ್ದ. ಸೈಕಲ್ ಹ್ಯಾಂಡಲ್ಲು, ಬೈಕಿನ ಸೈಲೆನ್ಸರು, ಮಂಚದ ಗುಬುಟು ಇಂಥವಕ್ಕೆ ಕ್ರೋಮಿಯಮ್ಮಿನ ಮುಲಾಮು, ಅಂದರೆ ಹೊಳೆಯುವ ಲೇಪ, ಹಾಕುವ ಶೆಡ್ಡು. ಒಂಬತ್ತು ಜನ ಕೆಲಸಕ್ಕಿದ್ದರು. ಮಲ್ಲಾಜಮ್ಮ ಅಲ್ಲಿ ಹನ್ನೊಂದು ವರ್ಷ ದುಡಿದಳು. ಸಾಮಾನುಗಳನ್ನು ತಂತಿಗೆ ಸಿಕ್ಕಿಸಿ ತೊಟ್ಟಿಗೆ ಇಳಿಬಿಡುವುದರಿಂದ ಶುರುಮಾಡಿ, ಕರೆಂಟು ಬಿಡುವ ರೆಕ್ಟಿಫೈಯರಿನ ಗುಬುಟು ತಿರುಗಿಸುವವರೆಗೆ ಕಲಿತಳು. ಮೀಟರಿನ ಮುಳ್ಳು ಎಲ್ಲಿ ನಿಂತರೆ ಹೊಳಪು ಬರುತ್ತದೆ, ಎಲ್ಲಿ ದಾಟಿದರೆ ಸಾಮಾನು ಸುಡುತ್ತದೆ ಎಂಬುದು ಅವಳಿಗೆ ಶಬ್ದದಲ್ಲೇ ತಿಳಿಯುತ್ತಿತ್ತು. ಕೆಲಸ ಅವಳಿಗೆ ಇಷ್ಟವೂ ಆಗಿತ್ತು. ತುಕ್ಕು ಹಿಡಿದ ಹ್ಯಾಂಡಲ್ಲು ಕನ್ನಡಿಯಾಗಿ ಮೇಲೆ ಬರುವುದನ್ನು ನೋಡುವುದು ಅವಳಿಗೆ ಎಂದೂ ಬೇಸರ ತರಲಿಲ್ಲ. ಬೆರಳ ಸಂದಿಯಲ್ಲಿ ಸಣ್ಣ ಸಣ್ಣ ಹುಣ್ಣಾಗಿ ಗುಳಿ ಬಿದ್ದವು. ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದಳು.

ಸಾಮಾನು ತೊಳೆದ ನೀರು ಸಂಜೆಗೆ ಹಳದಿಯಾಗಿರುತ್ತಿತ್ತು. ಅದನ್ನು ಬಕೆಟ್ಟಿನಲ್ಲಿ ಹೊತ್ತು ಶೆಡ್ಡಿನ ಹಿಂದಿನ ಬತ್ತಿದ ಬಾವಿಗೆ ಸುರಿಯುತ್ತಿದ್ದರು. ಸುರಿಯುತ್ತಿದ್ದ ಮೂವರಲ್ಲಿ ಅವಳೂ ಒಬ್ಬಳು. ಹೇಗೂ ಬತ್ತಿದ ಬಾವಿ, ಯಾರಿಗೇನು ಎಂದಿದ್ದ ಮಾಲೀಕ. ಅವಳೂ ಹಾಗೇ ಅಂದುಕೊಂಡಿದ್ದಳು. ಎಂಟು ವರ್ಷಗಳ ಹಿಂದೆ ಅವನು ಶೆಡ್ಡು ಬಿಚ್ಚಿಕೊಂಡು ಹೊರಟುಹೋದ. ಬಾವಿಗೆ ಮಣ್ಣು ತುಂಬಿತು. ಈಗ ಅದೇ ಹೊಲದ ಅಂಚಿನಲ್ಲಿ ಪಂಚಾಯಿತಿಯ ಹೊಸ ಬೋರ್‌ವೆಲ್ ಬಿದ್ದು, ಆರು ವಾರದಿಂದ ಊರಿನ ನಲ್ಲಿಗಳಿಗೆ ಅದರದೇ ನೀರು ಬರುತ್ತಿತ್ತು. ಬೋರು ಕೊರೆಯುವಾಗ ಅವಳು ಮಗಳು ಭಾನುವಿನ ಬಾಣಂತನಕ್ಕೆ ಹರದನಹಳ್ಳಿಯಲ್ಲಿದ್ದಳು. ಊರಲ್ಲಿದ್ದಿದ್ದರೆ ಬೇಡವೆನ್ನುತ್ತಿದ್ದಳೇ ಎಂದು ತನ್ನನ್ನೇ ಕೇಳಿಕೊಂಡಳು. ಬಹುಶಃ ಅಂದಿಗೆ ಅದು ನೆನಪಿಗೇ ಬರುತ್ತಿರಲಿಲ್ಲ.

ಗಂಡ ಪುಟ್ಟಮಾದು ತೆರಕಣಾಂಬಿಯ ಪಶು ಆಸ್ಪತ್ರೆಯಲ್ಲಿ ನೌಕರ. ಅವನು ಸಂಜೆ ಬಂದು ಕೈಕಾಲು ತೊಳೆಯಲು ಹೋದಾಗ ಮಲ್ಲಾಜಮ್ಮ ಚೊಂಬು ಕಿತ್ತುಕೊಂಡಳು. ಕೂರಿಸಿ ಎಲ್ಲ ಹೇಳಿದಳು.

"ಬೋರು ಕೆಟ್ಟದ ಅಂತ ಯೋಳು ಸಾಕು," ಎಂದ ಪುಟ್ಟಮಾದು. "ನೀನು ಸುರ್ದಿದ್ದು ಯಾಕ ಯೋಳಿಯೆ? ಒಂಬತ್ತು ಜನ ಇದ್ರು."

"ಎಂಗೆ ಗೊತ್ತು ಅಂತ ಕೇಳ್ತಾರಲ್ಲ."

ಪುಟ್ಟಮಾದು ಅವಳ ಕೈಯ ಚೊಂಬಿನೊಳಗೆ ಇಣುಕಿದ. ಅವರ ಮನೆಯಲ್ಲೂ ಆರು ವಾರದಿಂದ ಅದೇ ನೀರು ಕುಡಿಯುತ್ತಿದ್ದರು. "ಅಂಗಾರೆ ಪೂರ್ತಿ ಯೋಳ್ಬುಡು. ಅರ್ಧ ಯೋಳಿ ಮಿಕ್ಕಿದ್ದು ಹೊಟ್ಟೇಲಿ ಮಡಿಕೊಂಡ್ರ ನಿಂಗೇ ನಿದ್ದೆ ಬರದಿಲ್ಲ," ಎಂದ.

ಪಂಚಾಯಿತಿ ಸದಸ್ಯ ಶಂಭುಲಿಂಗಪ್ಪ ನಿಧಾನದ ಮನುಷ್ಯ. ಮರುದಿನ ಬೆಳಿಗ್ಗೆ ಅವಳ ಮಾತನ್ನೆಲ್ಲ ಕೇಳಿ, ಊರಿಗೆ ಹೇಳುವ ಮುಂಚೆ ನೀರು ಪರೀಕ್ಷೆಯಾಗಲಿ ಎಂದು ಎರಡು ಬಾಟಲಿ ತುಂಬಿಸಿ ಮಾದೇಶನನ್ನು ಬಸ್ಸು ಹತ್ತಿಸಿದರು. ಅಲ್ಲಿಯವರೆಗೆ ಬೋರಿನ ಮೋಟಾರಿಗೆ ಬೀಗ ಹಾಕಿಸಿದರು. ಚಾಮರಾಜನಗರದ ಒಂದು ಕಾಲೇಜಿನಲ್ಲಿ ಅವರ ಪರಿಚಯದ ಹುಡುಗಿ ಅನು ರಸಾಯನಶಾಸ್ತ್ರದ ಉಪನ್ಯಾಸಕಿ. ಮಧ್ಯಾಹ್ನ ಅವಳದೇ ಫೋನು ಬಂತು. ಮಾರನೆಯ ದಿನ ಸ್ಕೂಟರಿನಲ್ಲಿ ತಾನೇ ಬಂದಳು.

ಶಾಲೆಯ ಅಂಗಳದಲ್ಲಿ ಜನ ಸೇರಿದರು. ಅನು ಒಂದು ಗಾಜಿನ ಕೊಳವೆಗೆ ಬೋರಿನ ನೀರು, ಇನ್ನೊಂದಕ್ಕೆ ಕೈಪಂಪಿನ ನೀರು ಹಾಕಿ ಎರಡಕ್ಕೂ ಸಣ್ಣ ಸೀಸೆಯಿಂದ ಔಷಧಿಯ ಹನಿ ಬಿಟ್ಟಳು. ಕೈಪಂಪಿನದು ಹಾಗೇ ಇತ್ತು. ಬೋರಿನದು ನೇರಳೆ ಹಣ್ಣು ಹಿಂಡಿದ ಬಣ್ಣಕ್ಕೆ ತಿರುಗಿತು.

"ಇದರಲ್ಲಿ ಕ್ರೋಮಿಯಂ ಇದೆ, ವಿಷದ ರೂಪದಲ್ಲಿ ಇದೆ," ಎಂದಳು ಅನು. "ಕಾಯಿಸಿದರೆ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಆರು ವಾರ ಕುಡಿದಿದ್ದೀರಿ. ಗಾಬರಿ ಬೇಡ, ಆದರೆ ಎಲ್ಲರೂ ಒಮ್ಮೆ ಡಾಕ್ಟರ ಹತ್ತಿರ ತೋರಿಸಿಕೊಳ್ಳಿ. ಇನ್ನು ಮುಂದೆ ಒಂದು ಲೋಟವೂ ಬೇಡ."

"ಎಲ್ಲಿಂದ ಬತ್ತು ಇದು?" ಹಿಂದಿನಿಂದ ಯಾರೋ ಕೇಳಿದರು.

ಶಂಭುಲಿಂಗಪ್ಪ ನೆಲ ನೋಡಿದರು. ಮಲ್ಲಾಜಮ್ಮ ಹೆಂಗಸರ ಸಾಲಿನಿಂದ ಎದ್ದು ನಿಂತಳು.

"ಮುಲಾಮಿನ ಶೆಡ್ಡಿಂದ. ಅಲ್ಲಿ ಬಾವಿ ಇತ್ತಲ್ಲ, ಅದ್ಕೆ ಸುರೀತಿದ್ದೊ. ನಾನೂ ಸುರ್ದಿವ್ನಿ. ದಿನಾ ಆರು ಬಕೆಟ್ಟು, ಏಳು ಬಕೆಟ್ಟು. ವಿಷ ಅಂತ ಯಾರೂ ಯೋಳಿರ್ನಿಲ್ಲ. ಆದ್ರ ಕೈಯೆಲ್ಲಾ ಹುಣ್ಣಾಗೋದು. ಅಷ್ಟು ನೋಡಿದ್ಮೇಲೆ ನಾನಾರು ಕೇಳ್ಬೇಕಾಗಿತ್ತು. ಕೇಳ್ನಿಲ್ಲ."

ಶೆಡ್ಡಿನಲ್ಲಿ ಅವಳ ಜೊತೆಗಿದ್ದ ಇಬ್ಬರು ಗಂಡಸರು ಅಲ್ಲೇ ಇದ್ದರು. ಅವರಲ್ಲೊಬ್ಬ, ದೊಡ್ಡಮಲ್ಲಪ್ಪ, ಕೊನೆಗೆ ಕೈ ಎತ್ತಿ, "ನಾನೂ ಸುರ್ದಿವ್ನಿ," ಎಂದ. ಕರಿಯಮ್ಮ ಸೊಂಟದ ಮೇಲಿದ್ದ ಮೊಮ್ಮಗಳನ್ನು ಭುಜಕ್ಕೆ ಹಾಕಿಕೊಂಡು ಎದ್ದು ಹೋದಳು. ಆ ಮಗುವಿಗೆ ತಿಂಗಳಿನಿಂದ ಹೊಟ್ಟೆ ಸರಿಯಿರಲಿಲ್ಲ. ನೀರಿನಿಂದಲೋ ಬೇರೆಯದರಿಂದಲೋ ಯಾರಿಗೂ ಗೊತ್ತಿಲ್ಲ. ಗುಂಡ್ಲುಪೇಟೆಯ ಡಾಕ್ಟರು ನೋಡಿ ಔಷಧಿ ಕೊಟ್ಟರು, ಮಗು ಎರಡು ವಾರದಲ್ಲಿ ಚೇತರಿಸಿಕೊಂಡಿತು. ಆದರೆ ಕರಿಯಮ್ಮ ಮಾತು ಬಿಟ್ಟಳು. ಒಂದೇ ಅಡುಗೆಮನೆ, ಒಂದೇ ಉಪ್ಪಿನ ಡಬ್ಬಿ, ಇಬ್ಬರ ನಡುವೆ ಒಂದು ಮಾತಿಲ್ಲ. ಬೇಕಾದ್ದನ್ನು ಕರಿಯಮ್ಮ ಗೋಡೆಗೆ ಹೇಳುವಳು, ಮಲ್ಲಾಜಮ್ಮ ತೆಗೆದುಕೊಡುವಳು.

ಕೈಪಂಪಿನ ನೀರು ಊರಿಗೆಲ್ಲ ಸಾಲದೆ ಟ್ಯಾಂಕರ್ ನೀರು ಬರಲಾರಂಭಿಸಿತು. ವಾರಕ್ಕೆ ಮೂರು ಸಲ, ಬಿಂದಿಗೆಯ ಸಾಲು, ಸಾಲಿನ ಜಗಳ. ನದಿ ನೀರಿನ ಪೈಪು ಈ ಕಡೆ ಬರಲು ಎರಡು ವರ್ಷವಾದರೂ ಬೇಕು ಎಂದರು. ಬೇರೆ ಕಡೆ ಕೊರೆದ ಎರಡು ಬೋರಿನಲ್ಲಿ ಬರೀ ದೂಳು ಬಂತು. ಆಗ ಅನು ತನ್ನ ಕಾಲೇಜಿನವರನ್ನೂ ಜಿಲ್ಲೆಯ ಅಧಿಕಾರಿಗಳನ್ನೂ ಒಪ್ಪಿಸಿ, ಲ್ಯಾಬಿನಲ್ಲಿ ಬಕೆಟ್ಟಿನಷ್ಟು ನೀರಿಗೆ ಮಾಡಿ ನೋಡಿದ್ದನ್ನು ಊರಿನ ಅಳತೆಗೆ ಮಾಡಲು ಹೊರಟಳು. ಓವರ್‌ಹೆಡ್ ಟ್ಯಾಂಕಿನ ಪಕ್ಕ ಒಂದು ತೊಟ್ಟಿ ಬಂತು. ಅದರೊಳಗೆ ಪುಸ್ತಕದ ಹಾಳೆಗಳಂತೆ ಸಾಲಾಗಿ ನಿಲ್ಲಿಸಿದ ಕಬ್ಬಿಣದ ತಗಡುಗಳು. ಪಕ್ಕದಲ್ಲಿ ಕೆಸರು ತಂಗುವ ಇನ್ನೊಂದು ತೊಟ್ಟಿ, ಅದರಾಚೆ ಮರಳಿನ ಫಿಲ್ಟರು.

ರೆಕ್ಟಿಫೈಯರನ್ನು ಇಳಿಸಿದ ದಿನ ಮಲ್ಲಾಜಮ್ಮ ಶಾಲೆಯ ಕೆಲಸ ಮುಗಿಸಿ ನೋಡಲು ಹೋದಳು. ದೂರದಲ್ಲೇ ನಿಂತಿದ್ದಳು. ಅನು ಮಾದೇಶನಿಗೆ ವಿವರಿಸುತ್ತಿದ್ದಳು. ಕರೆಂಟು ಹರಿದರೆ ತಗಡಿನ ಕಬ್ಬಿಣ ಸ್ವಲ್ಪ ಸ್ವಲ್ಪವೇ ನೀರಿಗೆ ಬಿಟ್ಟುಕೊಳ್ಳುತ್ತದೆ. ಆ ಕಬ್ಬಿಣ ಕ್ರೋಮಿಯಮ್ಮಿನ ವಿಷದ ಗುಣ ಮುರಿಯುತ್ತದೆ. ಆಮೇಲೆ ಎರಡೂ ಸೇರಿ ತುಕ್ಕಿನ ಕೆಸರಾಗಿ ತಳಕ್ಕೆ ಕೂರುತ್ತವೆ, ಮೇಲಿನ ನೀರನ್ನು ಸೋಸಿಕೊಳ್ಳುವುದು.

"ನೀರಿಗೆ ಕರೆಂಟಾ?" ಎಂದ ಮಾದೇಶ್ ಎರಡು ಹೆಜ್ಜೆ ಹಿಂದೆ ಸರಿದು. "ನನ್ನ ಕೈಲಿ ಆಗದಿಲ್ಲ ಕಣ್ ಮೇಡಮ್ಮೋರೆ. ವಾಲು ತಿರುಗ್ಸದು ಬೇಕಾದ್ರ ಯೋಳಿ."

ಮಲ್ಲಾಜಮ್ಮ ಹತ್ತಿರ ಬಂದು ಪೆಟ್ಟಿಗೆಯ ಮುಖ ನೋಡಿದಳು. ಗುಬುಟು, ಮುಳ್ಳು, ಕೆಂಪು ತಂತಿ, ಕಪ್ಪು ತಂತಿ. "ಇದು ಬ್ಯಾಟರಿ ತರದ ಕರೆಂಟು ಕಣ್ಲಾ. ತೊಟ್ಟಿಗೆ ಕೈ ಹಾಕ್ಬಾರ್ದು, ಅಷ್ಟೆಯ. ಮಾಡ್ದವ್ಳು ನಾನಿವ್ನಿ," ಎಂದಳು. ಆಮೇಲೆ ಅನುವಿನ ಕಡೆ ತಿರುಗಿ, "ನಾವು ನೀರಲ್ಲಿದ್ದ ಕ್ರೋಮು ತಗ್ದು ಕಬ್ಬಿಣಕ್ಕೆ ಹತ್ತಿಸ್ತಿದ್ದೊ. ನೀವು ಕಬ್ಬಿಣ ನೀರಿಗೆ ಬುಟ್ಟು ಕ್ರೋಮು ಇಳಿಸ್ತೀರ. ಅಷ್ಟೆ ತಾನೆ?"

ಅನು ಅವಳನ್ನೇ ನೋಡಿದಳು. "ಅಷ್ಟೇ. ನನ್ನ ಕ್ಲಾಸಿಗೆ ಇದನ್ನು ಹೇಳಿಕೊಡಲು ನನಗೆ ಎರಡು ದಿನ ಬೇಕಾಯಿತು. ನೀವೇ ನಡೆಸ್ತೀರಾ ಇದನ್ನು?"

ಬೆಳಿಗ್ಗೆ ಆರರಿಂದ ಒಂಬತ್ತು ತೊಟ್ಟಿಯ ಹತ್ತಿರ, ಆಮೇಲೆ ಶಾಲೆ ಎಂದು ತೀರ್ಮಾನವಾಯಿತು. ಮೊದಲ ದಿನ ಅರ್ಧ ಊರು ಬಂದು ಸುತ್ತ ನಿಂತಿತು. ರಬ್ಬರ್ ಗ್ಲೌಸು ಹಾಕಿಕೊಂಡ ಮಲ್ಲಾಜಮ್ಮ ಗುಬುಟನ್ನು ನಿಧಾನವಾಗಿ ತಿರುಗಿಸಿದಳು. ಪೆಟ್ಟಿಗೆ ಸಣ್ಣಗೆ ಗುಂಯ್ ಎಂದಿತು. ತಗಡುಗಳ ನಡುವೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳತೊಡಗಿದವು. ಹಳದಿ ನೀರು ಮೊದಲು ಪಾಚಿಯ ಹಸಿರಾಯಿತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ನೋಡುತ್ತಿದ್ದವರ ಮುಖ ಸಪ್ಪಗಾಯಿತು. ಇದ್ದದ್ದೇ ಚೆನ್ನಾಗಿತ್ತಲ್ಲ ಎಂದು ಯಾರೋ ಗೊಣಗಿದರು. ಆದರೆ ಎರಡನೆಯ ತೊಟ್ಟಿಯಲ್ಲಿ ಗಂಟೆ ಕಳೆಯುವಷ್ಟರಲ್ಲಿ ಕೆಸರು ತಳಕ್ಕೆ ಕೂತಿತು. ಮರಳು ದಾಟಿ ಬಂದ ನೀರನ್ನು ಅನು ಕೊಳವೆಗೆ ಹಿಡಿದು ಹನಿ ಬಿಟ್ಟಳು. ಬಣ್ಣ ಬರಲಿಲ್ಲ. ಇನ್ನೊಮ್ಮೆ ಹಿಡಿದು ಬಿಟ್ಟಳು. ಬರಲಿಲ್ಲ.

ಆದರೂ ಅಂದೇ ಯಾರಿಗೂ ಕುಡಿಯಲು ಬಿಡಲಿಲ್ಲ. ಹದಿನೈದು ದಿನ ಬರೀ ಪರೀಕ್ಷೆ. ದಿನವೂ ಒಂದು ಬಾಟಲಿ ಚಾಮರಾಜನಗರಕ್ಕೆ ಹೋಗುತ್ತಿತ್ತು. ಕೊನೆಗೆ ಜಿಲ್ಲೆಯಿಂದ ಒಪ್ಪಿಗೆಯ ಕಾಗದ ಬಂದ ಮೇಲೆ ಮೊದಲ ಲೋಟ ಕುಡಿದವಳು ಮಲ್ಲಾಜಮ್ಮ, ಎರಡನೆಯದು ಪುಟ್ಟಮಾದು. ಮೂರನೆಯದಕ್ಕೆ ಜನ ಸ್ವಲ್ಪ ಯೋಚಿಸಿದರು. ದೊಡ್ಡಮಲ್ಲಪ್ಪ ಮುಂದೆ ಬಂದ.

ಐದನೆಯ ವಾರ ತೊಂದರೆ ಬಂತು. ಹನಿ ಬಿಟ್ಟ ನೀರು ತೆಳ್ಳಗೆ ಗುಲಾಬಿ ಬಣ್ಣ ತೋರಿಸಿತು. ಮಲ್ಲಾಜಮ್ಮ ಆ ಕ್ಷಣವೇ ಊರಿಗೆ ನೀರು ಹೋಗುವ ವಾಲು ಮುಚ್ಚಿಸಿದಳು. ಗುಬುಟು ಎಷ್ಟು ತಿರುಗಿಸಿದರೂ ಕರೆಂಟಿನ ಮುಳ್ಳು ಮೇಲೇಳುತ್ತಿರಲಿಲ್ಲ. ಅನು ಪರೀಕ್ಷೆಯ ಪೇಪರು ತಿದ್ದಲು ಮೈಸೂರಿಗೆ ಹೋಗಿದ್ದಳು. ಫೋನು ಮಾಡಿದಾಗ, ತಾನು ಬರುವವರೆಗೆ ನಿಲ್ಲಿಸಿಬಿಡಿ ಎಂದಳು.

ಮಲ್ಲಾಜಮ್ಮ ಸ್ವಿಚ್ಚು ಆರಿಸಿ ಒಂದು ತಗಡು ಮೇಲೆತ್ತಿಸಿದಳು. ಮೈಮೇಲೆ ಕಪ್ಪಗೆ ಸಿಪ್ಪೆ ಕಟ್ಟಿತ್ತು. ಅದನ್ನು ನೋಡುತ್ತ ಕೂತವಳಿಗೆ ಶೆಡ್ಡಿನ ಒಂದು ಅಭ್ಯಾಸ ನೆನಪಾಯಿತು. ಜಿಡ್ಡು ಬಿಡದ ಸಾಮಾನಿಗೆ ಮುಲಾಮು ಹಾಕುವ ಮುಂಚೆ ಅರ್ಧ ನಿಮಿಷ ಉಲ್ಟಾ ಕರೆಂಟು ಕೊಡುತ್ತಿದ್ದರು. ಅಂಟಿದ್ದೆಲ್ಲ ತಾನಾಗಿ ಕಳಚಿಕೊಳ್ಳುತ್ತಿತ್ತು. ಅವಳು ಮತ್ತೆ ಫೋನು ಮಾಡಿದಳು.

"ಮೇಡಮ್ಮೋರೆ, ಕೆಂಪು ತಂತಿ ಜಾಗಕ್ಕೆ ಕಪ್ಪು ತಂತಿ ಕೊಟ್ರ ಏನಾಯ್ತದ? ಎಲ್ಲಾ ಕಬ್ಬಿಣದ ತಗಡೇ ಅಲ್ವಾ? ಇಷ್ಟು ದಿನ ಇದು ಕರಗ್ತು, ಇನ್ನು ಅದು ಕರಗ್ಲಿ."

"ಮಾಡಿ," ಎಂದಳು ಆ ಕಡೆಯಿಂದ ಅನು. "ಪೂರ್ತಿ ಆಫ್ ಮಾಡಿ, ಆಮೇಲೆ ತಂತಿ ಬದಲಾಯಿಸಿ. ನೀರು ಮಾತ್ರ ಊರಿಗೆ ಬಿಡಬೇಡಿ."

ತಂತಿ ಬದಲಾಯಿಸಿ ಹಾಕಿದ ಇಪ್ಪತ್ತು ನಿಮಿಷಕ್ಕೆ ಕಪ್ಪು ಸಿಪ್ಪೆ ಚೂರುಚೂರಾಗಿ ಉದುರಿ ತೇಲತೊಡಗಿತು. ಮುಳ್ಳು ಮೊದಲಿನ ಜಾಗಕ್ಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಹನಿ ಬಿಟ್ಟ ನೀರು ಬಣ್ಣವಿಲ್ಲದೆ ನಿಂತಿತು. ಮಾದೇಶ್ ಕೊಳವೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಸರಿಯಾಯ್ತು ಕಣಕ್ಕ," ಎಂದ. ಮುಂದಿನ ವಾರ ಅನು ಬಂದು, ದಿಕ್ಕು ಬದಲಿಸಲು ಒಂದು ಸ್ವಿಚ್ಚನ್ನೇ ಕೂರಿಸಿದಳು. ಇಂಥ ಘಟಕಗಳಲ್ಲಿ ಹಾಗೆ ಮಾಡುವ ಪದ್ಧತಿ ಇದೆಯೆಂದು ತಾನು ಓದಿದ್ದರೂ, ಇಲ್ಲಿನ ತಗಡು ಇಷ್ಟು ಬೇಗ ಸಿಪ್ಪೆ ಕಟ್ಟುತ್ತದೆಂದು ಎಣಿಸಿರಲಿಲ್ಲವೆಂದು ಒಪ್ಪಿಕೊಂಡಳು.

ಕೆಸರಿನ ವಿಷಯದಲ್ಲಿ ಮಾತ್ರ ಮಲ್ಲಾಜಮ್ಮ ಯಾರ ಮಾತೂ ಕೇಳುತ್ತಿರಲಿಲ್ಲ. ಒಣಗಿದ ಕೆಸರು ಇಟ್ಟಿಗೆ ಪುಡಿಯಂತಿತ್ತು. ಅದನ್ನು ಹಳ್ಳ ಮುಚ್ಚಲು ಹಾಕಬಹುದಲ್ಲ ಎಂದು ಒಮ್ಮೆ ಮಾದೇಶ್ ಗುದ್ದಲಿ ತಂದ. ಮಲ್ಲಾಜಮ್ಮ ಗುದ್ದಲಿ ಹಿಡಿದುಕೊಂಡಳು.

"ಒಂದು ಚೂರೂ ನೆಲಕ್ಕೆ ಬೀಳ್ಬಾರ್ದು ಕಣ್ಲಾ. ಡ್ರಮ್ಮಿಗೆ ತುಂಬು. ವಿಷದ ಕಸ ಒಯ್ಯೋ ಗಾಡಿ ಬತ್ತದ, ಅವ್ರು ಒಯ್ಲಿ."

"ವಿಷ ಹೋಯ್ತು ಅಂತ ಮೇಡಮ್ಮೇ ಯೋಳಿದ್ರಲ್ಲ."

"ಬಾವಿ ಬತ್ತೋಯ್ತು ಅಂತ ನಂಗೂ ಯೋಳಿದ್ರು."

ಮಾದೇಶ್ ಡ್ರಮ್ಮು ಉರುಳಿಸಿಕೊಂಡು ಬಂದ.

ಕರಿಯಮ್ಮ ಮಾತಾಡಿದ್ದು ಆಷಾಢದ ಒಂದು ಬೆಳಿಗ್ಗೆ. ಅಲ್ಲಿಯವರೆಗೂ ಅವಳ ಮನೆಯವರು ಕೈಪಂಪಿನ ನೀರನ್ನೇ ಹೊರುತ್ತಿದ್ದರು. ಅಂದು ಅವಳು ಮೊಮ್ಮಗಳ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಖಾಲಿ ಬಿಂದಿಗೆ ಹಿಡಿದು ತೊಟ್ಟಿಯ ಹತ್ತಿರ ಬಂದು ನಿಂತಳು.

"ಆ ಹನಿ ಬುಟ್ಟು ತೋರ್ಸು," ಎಂದಳು.

ಮಲ್ಲಾಜಮ್ಮ ಎರಡು ಕೊಳವೆ ತೆಗೆದು, ಬೋರಿನ ನೀರಿಗೂ ಸೋಸಿದ ನೀರಿಗೂ ಹನಿ ಬಿಟ್ಟು ಕೈಗೆ ಕೊಟ್ಟಳು. ಮಗು ನೇರಳೆ ಬಣ್ಣದ್ದು ತನಗೆ ಬೇಕೆಂದು ಕೈ ಚಾಚಿತು. ಕರಿಯಮ್ಮ ಕೊಳವೆಗಳನ್ನು ಮೇಲೆತ್ತಿ ಹಿಡಿದು ಎರಡನ್ನೂ ಬಹಳ ಹೊತ್ತು ನೋಡಿದಳು.

"ನಾ ಆ ಶೆಡ್ಡಿಗೆ ಕೆಲ್ಸಕ್ಕೆ ಬರ್ತೀನಿ ಅಂತ ಕೇಳಿದ್ದೆ, ಗ್ಯಾನ ಅದಾ ನಿಂಗ?" ಎಂದಳು. "ಜಾಗ ಇಲ್ಲ ಅಂದಿದ್ರು. ಇದ್ದಿದ್ರ ನಾನೂ ಸುರೀತಿದ್ದೆ."

"ಹೂಂ," ಎಂದಳು ಮಲ್ಲಾಜಮ್ಮ. ಬಿಂದಿಗೆ ತೆಗೆದುಕೊಂಡು ತಾನೇ ತುಂಬಿಸಿ ಅವಳ ಸೊಂಟಕ್ಕೆ ಇಟ್ಟಳು. ಅಂದು ಶಾಲೆಯಲ್ಲಿ ಕರಿಯಮ್ಮ ಉಪ್ಪು ಬೇಕೆಂದು ಗೋಡೆಗೆ ಹೇಳಲಿಲ್ಲ.

ಈಗ ಅದಾಗಿ ಮೂರನೆಯ ವರ್ಷ. ನದಿ ನೀರಿನ ಪೈಪು ತೆರಕಣಾಂಬಿ ದಾಟಿದೆ, ಇನ್ನೇನು ಬರುತ್ತದೆ ಎನ್ನುತ್ತಾರೆ. ಬಂದರೂ ಬೋರಿನ ನೀರು ತೊಳೆಯುವುದನ್ನು ನಿಲ್ಲಿಸುವುದಿಲ್ಲವಂತೆ. ಮೇಲೆತ್ತಿ ತೊಳೆದಷ್ಟೂ ನೆಲದೊಳಗಿನ ನೀರು ತಿಳಿಯಾಗುತ್ತದೆ ಎಂದು ಅನು ಹೇಳಿದ್ದಾಳೆ. ಬೋರಿನ ಹಳದಿ ಈಗ ಬಿಳಿ ಟಬ್ಬಿನಲ್ಲೂ ಕಾಣುವುದಿಲ್ಲ, ಹನಿ ಬಿಟ್ಟರೆ ಮಾತ್ರ ತಿಳಿಯುತ್ತದೆ. ಪಂಚಾಯಿತಿ ಮಲ್ಲಾಜಮ್ಮನಿಗೆ ನೌಕರಿಯ ಕಾಗದ ಕೊಟ್ಟಿದೆ. ಬಿಸಿಯೂಟದ ಕೆಲಸ ಬಿಟ್ಟಳು, ಅಲ್ಲಿಗೆ ಕುಮಾರಿ ಎಂಬ ಹುಡುಗಿ ಬಂದಿದ್ದಾಳೆ. ಕರಿಯಮ್ಮನಿಗೆ ಅವಳು ಮಾಡುವ ಅನ್ನ ಹಿಡಿಸಿಲ್ಲ. ದಿನವೂ ಮೂರು ಗಂಟೆಗೆ ತೊಟ್ಟಿಯ ಹತ್ತಿರ ಬಂದು ಅದನ್ನೊಂದು ಹೇಳಿ ಹೋಗುತ್ತಾಳೆ.

ಕಳೆದ ತಿಂಗಳು ಉಮ್ಮತ್ತೂರು ಕಡೆಯಿಂದ ಇಬ್ಬರು ಹೆಂಗಸರು ಬಂದಿದ್ದರು. ಅಲ್ಲಿ ಹೊಸದಾಗಿ ಬರುವ ನೀರಿನ ಘಟಕ ನೋಡಿಕೊಳ್ಳಲು ಆಯ್ಕೆಯಾದವರು, ಕೆಲಸ ಕಲಿಯಲು ಅನು ಕಳಿಸಿದ್ದಳು. ಒಬ್ಬಳು ಪವಿತ್ರ, ಪದವಿ ಮುಗಿಸಿದವಳು, ಎಲ್ಲವನ್ನೂ ಬರೆದುಕೊಂಡಳು. ಇನ್ನೊಬ್ಬಳು ಚಾಮುಂಡಿ, ನಡುವಯಸ್ಸಿನವಳು, ಹೊಲದ ಕೂಲಿಗೆ ಹೋಗುತ್ತಿದ್ದವಳು. ಗುಬುಟು ಮುಟ್ಟಲು ಅವಳ ಕೈ ಮುಂದಕ್ಕೆ ಹೋಗಲಿಲ್ಲ.

"ಹೆದ್ರಬ್ಯಾಡ, ಕೇಳು," ಎಂದಳು ಮಲ್ಲಾಜಮ್ಮ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಗುಬುಟಿನ ಮೇಲಿಟ್ಟು. "ಸುಮ್ಮಗೆ ಗುಂಯ್ ಅಂತದ, ಅದು ಸರಿ. ಕರಕರ ಅಂದ್ರ ಜಾಸ್ತಿ ಆಯ್ತು ಅಂತ. ತಿರುಗ್ಸು ನೋಡನ."

ಚಾಮುಂಡಿ ತಿರುಗಿಸಿದಳು. ಗುಳ್ಳೆಗಳು ಎದ್ದವು. ಅವಳು ಕಿವಿಯನ್ನು ಪೆಟ್ಟಿಗೆಯ ಹತ್ತಿರ ತಂದು ಕೇಳಿಸಿಕೊಂಡಳು, ಸ್ವಲ್ಪ ಹಿಂದಕ್ಕೆ ತಿರುಗಿಸಿದಳು, ಮತ್ತೆ ಕೇಳಿಸಿಕೊಂಡಳು. ಮಲ್ಲಾಜಮ್ಮ ತಲೆಯಾಡಿಸಿದಳು. ಬಿಸಿಲು ನೆತ್ತಿಗೆ ಬಂದಿತ್ತು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದೆ, ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಮಾಡಿದ್ದೇನೆ, ಉಂಡುಬಿಟ್ಟು ಹೋಗಿ ಎಂದು ಇಬ್ಬರನ್ನೂ ಎಬ್ಬಿಸಿಕೊಂಡು, ಸೆರಗು ತಲೆಗೆ ಹಾಕಿಕೊಂಡು ಮುಂದೆ ನಡೆದಳು.